ಮನುಷ್ಯನ ಕರುಳು ಯಾರ ಪಕ್ಷ?

ಪ್ರಶ್ನೆ: ನನಗೆ 36 ವರ್ಷ, ತೂಕ 55 ಕಿಲೋ. ಎರಡೂವರೆ ವರ್ಷದಿಂದ ಹಾಲು, ಮೊಸರು, ಮೊಟ್ಟೆಯನ್ನೂ ಬಿಟ್ಟು ಪೂರ್ತಿ ಸಸ್ಯಾಹಾರಿಯಾಗಿದ್ದೇನೆ. ನಮ್ಮ ಯಜಮಾನರದು ಇದಕ್ಕೆ ತದ್ವಿರುದ್ಧ. ನಾಲ್ಕು ತಿಂಗಳಿಂದ ಬರೀ ಮಾಂಸ, ಮೊಟ್ಟೆ, ಬೆಣ್ಣೆ. ಅವರು ಆರು ಕಿಲೋ ಇಳಿದಿದ್ದಾರೆ, ಆದರೆ 118 ಇದ್ದ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) ಈಗ 196 ಆಗಿದೆ, ಮಲಬದ್ಧತೆಯೂ ಇದೆ. ನನಗೆ ಸುಸ್ತು, ಎರಡು ತಿಂಗಳಿಂದ ಪಾದಗಳಲ್ಲಿ ಜೋಮು. ರಕ್ತ ಪರೀಕ್ಷೆಯಲ್ಲಿ ಬಿ12 168, ಹಿಮೋಗ್ಲೋಬಿನ್ 11.2. ಆದರೆ ಕೆಂಪು ರಕ್ತಕಣದ ಗಾತ್ರ ಸರಿಯಾಗಿಯೇ ಇದೆ ಎಂದು ಬಂದಿದೆ, ಹಾಗಾಗಿ ಗಾಬರಿ ಬೇಡ ಎಂದುಕೊಂಡು ಸ್ಪಿರುಲಿನಾ ಪಾಚಿ ಮತ್ತು ಫೋಲಿಕ್ ಆಸಿಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಊಟಕ್ಕೆ ಕೂತರೆ ಜಗಳ. ನಮ್ಮ ಕರುಳು ಉದ್ದ, ನಾವು ಸೊಪ್ಪು ತಿನ್ನುವ ಜಾತಿ ಎಂದು ನಾನು. ಜಠರದ ಆಮ್ಲ ನೋಡು, ನಾವು ಬೇಟೆಗಾರರು ಎಂದು ಅವರು. ಒಂಬತ್ತು ವರ್ಷದ ಮಗಳು ಯಾರ ತಟ್ಟೆ ನೋಡಿ ಉಣ್ಣಬೇಕು? ನಿಜಕ್ಕೂ ಮನುಷ್ಯನ ದೇಹ ಯಾವುದಕ್ಕೆ ಹೇಳಿ ಮಾಡಿಸಿದ್ದು?

ಉತ್ತರ: ವಾದಕ್ಕೆ ಆಮೇಲೆ ಬರೋಣ, ಮೊದಲು ನಿಮ್ಮ ಪಾದದ ವಿಷಯ.

ಎರಡೂವರೆ ವರ್ಷ ಪ್ರಾಣಿಮೂಲದ ಆಹಾರ ಇಲ್ಲ, ಬಿ12 ಮಾತ್ರೆ ಇಲ್ಲ, ರಕ್ತದಲ್ಲಿ ಮಿಲಿಲೀಟರಿಗೆ 168 ಪಿಕೋಗ್ರಾಂ, ಮೇಲೆ ಜೋಮು. ಇಷ್ಟು ಸೇರಿದರೆ ಬಿ12 ಕೊರತೆ ಎಂದೇ ಹಿಡಿದು ಈ ವಾರದೊಳಗೆ ವೈದ್ಯರನ್ನು ಕಾಣಬೇಕು. ಸಾಮಾನ್ಯವಾಗಿ 200ಕ್ಕಿಂತ ಕೆಳಗಿದ್ದರೆ ಕೊರತೆ, 200ರಿಂದ 300 ಅನುಮಾನದ ಜಾಗ. ಅನುಮಾನ ಇದ್ದಾಗ ಮೀಥೈಲ್‌ಮಲೋನಿಕ್ ಆಮ್ಲದ ಪರೀಕ್ಷೆ ಮಾಡಿಸುತ್ತಾರೆ. ಬಿ12 ಕಡಿಮೆಯಾದಾಗ ಅದು ಏರುತ್ತದೆ. ನರಕ್ಕೆ ತಟ್ಟಿದ ಲಕ್ಷಣ ಇದ್ದಾಗ ಇಂಜೆಕ್ಷನ್‌ನಿಂದ ಚಿಕಿತ್ಸೆ ಶುರು ಮಾಡುವುದು ರೂಢಿ. ತಿಂಗಳುಗಟ್ಟಲೆ ಮುಂದೂಡಿದರೆ ನರದ ಹಾನಿ ಪೂರ್ತಿ ವಾಪಸ್ ಬಾರದಿರಬಹುದು. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆಗಳೂ ಜೋಮು ತರುತ್ತವೆ. ಅದೇ ರಕ್ತದಲ್ಲಿ ಅವನ್ನೂ ನೋಡಿಸಿ, ದೇಹದ ಕಬ್ಬಿಣಾಂಶದ ದಾಸ್ತಾನು ತೋರಿಸುವ ಫೆರಿಟಿನ್ ಕೂಡ.

ನೀವು ನುಂಗುತ್ತಿರುವ ಎರಡು ಮಾತ್ರೆಗಳಲ್ಲಿ ಒಂದು ನಿರುಪಯೋಗಿ, ಇನ್ನೊಂದು ಈ ಸ್ಥಿತಿಯಲ್ಲಿ ಅಪಾಯದ್ದು. ಸ್ಪಿರುಲಿನಾದಲ್ಲಿರುವುದು ಹೆಚ್ಚಿನಂಶ ನಕಲಿ ಬಿ12. ನೋಡಲು ಅದೇ ಅಣು, ಆದರೆ ನಮ್ಮ ದೇಹಕ್ಕೆ ಕೆಲಸಕ್ಕೆ ಬಾರದು. ಫೋಲಿಕ್ ಆಸಿಡ್ ಬಿ12 ಕೊರತೆಯ ರಕ್ತಹೀನತೆಯನ್ನು ಮಾತ್ರ ಸರಿಮಾಡಿ, ಕೆಳಗೆ ನರ ಹಾಳಾಗುವುದನ್ನು ಮುಚ್ಚಿಡುತ್ತದೆ. ಬಿ12 ಶುರುವಾಗದೆ ಅದೊಂದನ್ನೇ ತೆಗೆದುಕೊಳ್ಳಬೇಡಿ.

ಕೆಂಪು ಕಣದ ಗಾತ್ರ ಸರಿ ಇದೆ ಎಂಬ ಸಮಾಧಾನವೂ ಬೇಡ. ಬಿ12 ಕಡಿಮೆಯಾದರೆ ಕಣ ದೊಡ್ಡದಾಗುತ್ತದೆ, ಕಬ್ಬಿಣಾಂಶ ಕಡಿಮೆಯಾದರೆ ಚಿಕ್ಕದಾಗುತ್ತದೆ. ಎರಡೂ ಒಟ್ಟಿಗೆ ಕಡಿಮೆಯಾದರೆ? ಯಂತ್ರ ಸರಾಸರಿ ತೆಗೆದು ‘ನಾರ್ಮಲ್’ ಎಂದು ಬರೆಯುತ್ತದೆ. ನಿಮ್ಮ ವರದಿಯಲ್ಲಿ ಆರ್‌ಡಿಡಬ್ಲ್ಯೂ ಎಂಬ ಸಾಲು ಇರುತ್ತದೆ, ಕಣಗಳ ಗಾತ್ರದಲ್ಲಿ ಎಷ್ಟು ಏರುಪೇರಿದೆ ಎಂದು ಹೇಳುವುದು ಅದು. ಅದು ಹೆಚ್ಚಿದ್ದರೆ ಇದೇ ಆಗಿರುವ ಸಾಧ್ಯತೆ ಬಲವಾಗುತ್ತದೆ. ಗರ್ಭಿಣಿಯಲ್ಲದ ಮಹಿಳೆಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆಯೇ, ನಿಮ್ಮದು 11.2. ನೀವು ನುಂಗುತ್ತಿರುವ ಫೋಲಿಕ್ ಆಸಿಡ್ ಪ್ರಭಾವದಿಂದಲೂ ಕಣದ ಗಾತ್ರ ಸರಿಹೋದಂತೆ ಕಾಣಬಹುದು ಎಂಬುದನ್ನೂ ನೆನಪಿಡಿ.

ಈಗ ಜಗಳದ ವಿಷಯ.

ಕರುಳಿನ ಉದ್ದದ ವಾದ ಇಬ್ಬರಿಗೂ ಗೆಲ್ಲಲು ಬರುತ್ತದೆ, ಅದೇ ಅದರ ದೋಷ. ಬೆಕ್ಕಿನ ಕರುಳು ಅದರ ದೇಹದ ಉದ್ದದ ನಾಲ್ಕು ಪಟ್ಟು, ಕುರಿಯದು ಸುಮಾರು 25 ಪಟ್ಟು. ಮನುಷ್ಯನ ಸಣ್ಣ ಕರುಳು, ದೊಡ್ಡ ಕರುಳು ಸೇರಿ ಸುಮಾರು ಏಳೂವರೆ ಮೀಟರ್. ನೆತ್ತಿಯಿಂದ ಅಂಗಾಲಿನವರೆಗಿನ ಎತ್ತರದಿಂದ ಭಾಗಿಸಿದರೆ ನಾಲ್ಕೂವರೆ ಪಟ್ಟು ಬರುತ್ತದೆ, ನಾವು ಬೆಕ್ಕಿನ ಬಳಗ. ಆದರೆ ಕುರಿಯನ್ನು ಅಳೆಯುವಾಗ ಅದರ ಕಾಲನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ, ಮೂತಿಯಿಂದ ಬಾಲದ ಬುಡದವರೆಗೆ ಮಾತ್ರ ಅಳೆದಿರುತ್ತಾರೆ. ಮನುಷ್ಯನನ್ನೂ ಹಾಗೇ ಅಳೆದರೆ ಒಂಬತ್ತು ಪಟ್ಟಿನ ಆಸುಪಾಸು ಬಂದು ನಿಲ್ಲುತ್ತದೆ. ಅತ್ತ ಬೆಕ್ಕೂ ಅಲ್ಲ, ಇತ್ತ ಕುರಿಯೂ ಅಲ್ಲ. ಟೇಪು ಎಲ್ಲಿಂದ ಹಿಡಿದಿರಿ ಎನ್ನುವುದರ ಮೇಲೆ ಉತ್ತರ ಬದಲಾಗುವುದಾದರೆ ಅದರಿಂದ ಊಟ ನಿರ್ಧರಿಸಲಾಗದು.

ಉದ್ದಕ್ಕಿಂತ ಹೆಚ್ಚು ಹೇಳುವುದು ಕರುಳಿನ ಹಂಚಿಕೆ. ಗೊರಿಲ್ಲಾ, ಚಿಂಪಾಂಜಿ, ಒರಾಂಗುಟಾನ್‌ಗಳ ಜೀರ್ಣಾಂಗದ ಗಾತ್ರದಲ್ಲಿ ಸುಮಾರು ಅರ್ಧದಷ್ಟು ದೊಡ್ಡ ಕರುಳೇ. ಎಲೆ, ನಾರು ಎಲ್ಲ ಅಲ್ಲಿ ಕುಳಿತು ಹುದುಗಬೇಕು. ಮನುಷ್ಯನಲ್ಲಿ ದೊಡ್ಡ ಕರುಳು ಬರೀ 20 ಪ್ರತಿಶತದಷ್ಟು, ಅರ್ಧಕ್ಕಿಂತ ಹೆಚ್ಚು ಜಾಗ ಸಣ್ಣ ಕರುಳಿನದು. ಎಂದರೆ, ಕಡಿಮೆ ಗಾತ್ರದಲ್ಲಿ ಹೆಚ್ಚು ಸತ್ವ ಇರುವ, ಮೆತ್ತಗಿನ ಆಹಾರಕ್ಕೆ ಹೊಂದಿಕೊಂಡ ಹೊಟ್ಟೆ ಇದು. ಅದು ಮಾಂಸವೂ ಆಗಬಹುದು, ಗೆಡ್ಡೆ, ಬೀಜ, ಹಣ್ಣು, ಬೇಯಿಸಿದ ಧಾನ್ಯವೂ ಆಗಬಹುದು. ನಮ್ಮ ಕೋರೆಹಲ್ಲು ಚಿಕ್ಕದು ಎಂದು ನೀವು ಹೇಳಿದರೆ, ಕಲ್ಲಿನ ಚೂರಿ ಹಿಡಿದು 25 ಲಕ್ಷ ವರ್ಷವಾಯಿತು, ಹಲ್ಲಿನ ಕೆಲಸ ಕೈಗೆ ಹೋಯಿತು ಎಂಬುದೇ ಉತ್ತರ. ಆಮೇಲೆ ಬಂದ ಬೆಂಕಿ ಮಾಂಸವನ್ನೂ ಗೆಡ್ಡೆಯನ್ನೂ ಒಂದೇ ಸಮನೆ ಮೆತ್ತಗೆ ಮಾಡಿತು.

ನಿಮ್ಮ ಯಜಮಾನರು ಹೇಳುವ ಆಮ್ಲದ ಮಾತು ಸುಳ್ಳಲ್ಲ. ಖಾಲಿ ಹೊಟ್ಟೆಯಲ್ಲಿ ನಮ್ಮ ಜಠರದ ಪಿಎಚ್ (ಕಡಿಮೆಯಾದಷ್ಟೂ ಆಮ್ಲ ಜೋರು) ಸುಮಾರು 1.5, ಕೊಳೆತದ್ದನ್ನು ತಿನ್ನುವ ಪ್ರಾಣಿಗಳ ಮಟ್ಟದ್ದು. ಆದರೆ ಅದೇ ಮನುಷ್ಯನ ಜೊಲ್ಲು ನೋಡಿ. ಪಿಷ್ಟ ಒಡೆಯುವ ಅಮೈಲೇಸ್‌ನ ಜೀನು ಚಿಂಪಾಂಜಿಯಲ್ಲಿ ಎರಡೇ ಪ್ರತಿ, ನಮ್ಮಲ್ಲಿ ಎರಡರಿಂದ ಹಿಡಿದು ಹದಿನೈದರವರೆಗೂ ಇರುವವರಿದ್ದಾರೆ. ಗೆಡ್ಡೆ ಧಾನ್ಯ ತಿನ್ನದ ಪ್ರಾಣಿಗೆ ಇದರ ಗರಜು ಏನು? ವಿಟಮಿನ್ ಸಿ ಇನ್ನೊಂದು ಸಾಕ್ಷಿ. ಬೆಕ್ಕು ಅದನ್ನು ತನ್ನ ಪಿತ್ತಜನಕಾಂಗದಲ್ಲೇ ತಯಾರಿಸಿಕೊಳ್ಳುತ್ತದೆ. ನಮ್ಮ ಪೂರ್ವಜ ವಾನರರಲ್ಲಿ ಕೋಟ್ಯಂತರ ವರ್ಷಗಳ ಹಿಂದೆಯೇ ಆ ಜೀನು ಕೆಟ್ಟುಹೋಯಿತು, ಹಣ್ಣು ಸೊಪ್ಪಿನಲ್ಲಿ ಧಾರಾಳ ಸಿಗುತ್ತಿದ್ದುದರಿಂದ ಬದುಕಿಗೆ ಅಡ್ಡಿಯಾಗಲಿಲ್ಲ. ಬೆಕ್ಕಿಗೆ ಟಾರಿನ್ ಎಂಬ ಪೋಷಕಾಂಶ, ವಿಟಮಿನ್ ಎ ಎರಡೂ ಮಾಂಸದಿಂದಲೇ ಬರಬೇಕು. ನಾವು ಟಾರಿನ್ ಮಾಡಿಕೊಳ್ಳುತ್ತೇವೆ, ಕ್ಯಾರೆಟ್ಟಿನ ಬಣ್ಣದಿಂದ ವಿಟಮಿನ್ ಎ ಮಾಡಿಕೊಳ್ಳುತ್ತೇವೆ. ಕಟ್ಟಾ ಮಾಂಸಾಹಾರಿ ಎಂದರೆ ಬೆಕ್ಕು. ಮನುಷ್ಯ ಆ ಪಟ್ಟಿಯಲ್ಲಿ ಬರುವುದಿಲ್ಲ.

ಬಿ12 ವಿಷಯದಲ್ಲಿ ಮಾತ್ರ ನೀವು ಸೋಲು ಒಪ್ಪಬೇಕು. ಬಿ12 ಮಾಡುವುದು ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ, ಬ್ಯಾಕ್ಟೀರಿಯಾ. ಹಸುವಿನ ಮೊದಲ ಹೊಟ್ಟೆಯಲ್ಲೇ ಆ ಬ್ಯಾಕ್ಟೀರಿಯಾ ಇರುವುದರಿಂದ ಮುಂದೆ ಸಣ್ಣ ಕರುಳಿನಲ್ಲಿ ಬಿ12 ರಕ್ತಕ್ಕೆ ಸೇರುತ್ತದೆ. ಮೊಲ ತನ್ನ ಹಿಕ್ಕೆಯನ್ನೇ ಮತ್ತೊಮ್ಮೆ ತಿಂದು ಪಡೆಯುತ್ತದೆ. ನಮ್ಮ ಬ್ಯಾಕ್ಟೀರಿಯಾ ಇರುವುದು ದೊಡ್ಡ ಕರುಳಿನಲ್ಲಿ, ಹೀರಿಕೊಳ್ಳುವ ಜಾಗ ಅದಕ್ಕಿಂತ ಮುಂಚೆ, ಸಣ್ಣ ಕರುಳಿನ ತುದಿಯಲ್ಲಿ. ತಯಾರಾಗುವ ಹೊತ್ತಿಗೆ ಬಾಗಿಲು ದಾಟಿ ಆಗಿರುತ್ತದೆ. ಹಾಗಾಗಿ ಮಾತ್ರೆಯೋ ಬಿ12 ಬೆರೆಸಿದ ಆಹಾರವೋ ಇಲ್ಲದ ಪೂರ್ತಿ ಸಸ್ಯಾಹಾರ ಮನುಷ್ಯನಿಗೆ ದೀರ್ಘಕಾಲ ಒಗ್ಗುವುದಿಲ್ಲ. ಪಿತ್ತಜನಕಾಂಗದ ದಾಸ್ತಾನು ಕೆಲವು ವರ್ಷ ನಡೆಸುತ್ತದೆ, ಅದಕ್ಕೇ ಮೊದಲ ವರ್ಷ ಎಲ್ಲರೂ ಹುಷಾರಾಗಿರುತ್ತಾರೆ.

ಹಾಗಾದರೆ ದೇಹ ಯಾವುದಕ್ಕೆ ಮಾಡಿದ್ದು? ಎರಡನ್ನೂ ತಿಂದು ಬದುಕಬಲ್ಲದ್ದು ಎಂಬಷ್ಟೇ ಅದು ಹೇಳುತ್ತದೆ, ಯಾವುದನ್ನು ತಿನ್ನಬೇಕು ಎಂದು ಹೇಳುವುದಿಲ್ಲ. ಪಾಂಡಾದ ಕರುಳು ಇಂದಿಗೂ ಮಾಂಸಾಹಾರಿಯ ಕರುಳೇ, ಅದು ತಿನ್ನುವುದು ಬಿದಿರು. ಆಲ್ಪ್ಸ್ ಹಿಮದಲ್ಲಿ ಸಿಕ್ಕ 5,300 ವರ್ಷ ಹಳೆಯ ಓಟ್ಸಿ ಎಂಬ ಮನುಷ್ಯನ ಹೊಟ್ಟೆಯಲ್ಲಿ ಕಾಡುಮೇಕೆ, ಜಿಂಕೆಯ ಮಾಂಸದ ಜೊತೆ ಗೋಧಿಯೂ ಇತ್ತು. ಬೇಟೆಗಾರರೆಂದೇ ಹೆಸರಾದ, ಈಗ ಅಳಿದುಹೋದ ನಿಯಾಂಡರ್ತಾಲ್ ಮಾನವರ ಹಲ್ಲಿನ ಕಿಟ್ಟದಲ್ಲಿ ಬೇಯಿಸಿದ ಪಿಷ್ಟದ ಕಣಗಳು ಸಿಕ್ಕಿವೆ. ನಿಮ್ಮಿಬ್ಬರ ಜಗಳದಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ತಟ್ಟೆಯಿಂದ ಏನನ್ನು ತೆಗೆದಿರಿ, ಅದು ಕೊಡುತ್ತಿದ್ದದ್ದನ್ನು ಈಗ ಎಲ್ಲಿಂದ ತರುತ್ತಿದ್ದೀರಿ?

ಎರಡು ಕಡೆಯ ಕಟ್ಟುಕತೆಗಳನ್ನೂ ಇಲ್ಲೇ ಮುಗಿಸಿಬಿಡೋಣ. ಮಾಂಸ ಕರುಳಿನಲ್ಲಿ ಕೊಳೆಯುತ್ತದೆ ಎನ್ನುವುದು ಸುಳ್ಳು, ಅದರ ಬಹುಪಾಲು ಸಣ್ಣ ಕರುಳಿನಲ್ಲೇ ಜೀರ್ಣವಾಗುತ್ತದೆ. ಕೊನೆಯವರೆಗೂ ಉಳಿದು ಹೋಗುವುದು ನಾರು, ಅದರಿಂದ ಒಳ್ಳೆಯದೇ ಆಗುತ್ತದೆ. ಬೇಳೆಯ ಪ್ರೋಟೀನ್ ಅಪೂರ್ಣ ಎನ್ನುವುದೂ ಅರ್ಧ ಸತ್ಯ. ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳಲ್ಲಿ ಧಾನ್ಯದಲ್ಲಿ ಲೈಸಿನ್ ಕಡಿಮೆ, ಕಾಳಿನಲ್ಲಿ ಮಿಥಿಯೋನಿನ್ ಕಡಿಮೆ, ದಿನದಲ್ಲಿ ಎರಡೂ ಬಿದ್ದರೆ ಸಾಕು, ಒಂದೇ ತುತ್ತಿನಲ್ಲಿ ಬೀಳಬೇಕಿಲ್ಲ.

ಯಜಮಾನರ ಲೆಕ್ಕಕ್ಕೆ ಬರೋಣ. ಆರು ಕಿಲೋ ಇಳಿದದ್ದು ನಿಜ. ಮೊದಲ ವಾರಗಳಲ್ಲಿ ಹೋಗಿದ್ದರಲ್ಲಿ ನೀರಿನ ಪಾಲು ದೊಡ್ಡದು, ಯಾಕೆಂದರೆ ದೇಹ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ ಪ್ರತಿ ಗ್ರಾಂಗೆ ಸುಮಾರು ಮೂರು ಗ್ರಾಂ ನೀರು ಹಿಡಿದುಕೊಂಡಿರುತ್ತದೆ. ಉಳಿದದ್ದಕ್ಕೆ ಕಾರಣ ಪ್ರೋಟೀನ್ ಹೊಟ್ಟೆ ತುಂಬಿಸುವುದು ಮತ್ತು ಬಿಸ್ಕತ್ತು, ಸಿಹಿ, ಕರಿದದ್ದು ನಿಂತದ್ದು. ಅದನ್ನು ಮಾಂಸವಿಲ್ಲದೆಯೂ ನಿಲ್ಲಿಸಬಹುದು.

ಬರೀ ಮಾಂಸ ತಿಂದು ಬದುಕಬಹುದೇ ಎಂಬುದಕ್ಕೆ ಹಳೆಯ ಪ್ರಯೋಗವೊಂದಿದೆ. ಉತ್ತರಧ್ರುವ ಪ್ರದೇಶದ ಶೋಧಕ ವಿಲ್ಹಿಯಾಲ್ಮರ್ ಸ್ಟೆಫಾನ್ಸನ್ 1928ರಲ್ಲಿ ನ್ಯೂಯಾರ್ಕಿನ ಬೆಲ್ಲೆವ್ಯೂ ಆಸ್ಪತ್ರೆಯಲ್ಲಿ ವೈದ್ಯರ ಕಣ್ಗಾವಲಿನಲ್ಲಿ ಶುರು ಮಾಡಿ ಒಂದು ವರ್ಷ ಮಾಂಸ ಮಾತ್ರ ತಿಂದರು. ಮೊದಲ ದಿನಗಳಲ್ಲಿ ಕೊಬ್ಬಿಲ್ಲದ ಮಾಂಸ ಕೊಟ್ಟಾಗ ಹೊಟ್ಟೆ ಕೆಟ್ಟು ಮಲಗಿದರು, ಕೊಬ್ಬು ಸೇರಿಸಿದ ಮೇಲೆ ಚೇತರಿಸಿಕೊಂಡರು. ಶಕ್ತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಪ್ರೋಟೀನಿನಿಂದಲೇ ಬಂದರೆ ಅದರ ಸಾರಜನಕವನ್ನು ಯೂರಿಯಾ ಮಾಡಿ ಹೊರಹಾಕಲು ಪಿತ್ತಜನಕಾಂಗ ಏದುಸಿರು ಬಿಡುತ್ತದೆ. ಅಂದರೆ ಬರೀ ಮಾಂಸದ ಊಟ ನಡೆಯಬೇಕಾದರೆ ಕೊಬ್ಬು ಜಾಸ್ತಿ ಇರಲೇಬೇಕು. ನಿಮ್ಮವರ ಎಲ್‌ಡಿಎಲ್ ಕತೆ ಶುರುವಾಗುವುದೂ ಅಲ್ಲೇ.

118ರಿಂದ 196 ಸಣ್ಣ ಏರಿಕೆಯಲ್ಲ. ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾದರೆ ರಕ್ತದಿಂದ ಎಲ್‌ಡಿಎಲ್ ಅನ್ನು ಹಿಡಿದೆಳೆಯುವ ಗ್ರಾಹಕಗಳು ಪಿತ್ತಜನಕಾಂಗದಲ್ಲಿ ಕಡಿಮೆಯಾಗುತ್ತವೆ. ಇನ್ನೊಂದು ಕಡೆ, ಪಿತ್ತರಸವನ್ನು ಹಿಡಿದು ಮಲದಲ್ಲಿ ಸಾಗಿಸುತ್ತಿದ್ದ ಕರಗುವ ನಾರು ಈಗ ಸೊನ್ನೆ. ಹೀಗೆ ಎರಡು ಬದಿಯಿಂದಲೂ ಪೆಟ್ಟು. ರಕ್ತದ ಇನ್ನೊಂದು ಕೊಬ್ಬಾದ ಟ್ರೈಗ್ಲಿಸರೈಡ್ ಇಳಿದಿದೆಯಲ್ಲ, ಎಲ್‌ಡಿಎಲ್ ಏರಿದರೇನಂತೆ ಎಂಬ ಸಮಾಧಾನ ಈ ಆಹಾರ ಕ್ರಮದವರಲ್ಲಿ ಚಾಲ್ತಿಯಲ್ಲಿದೆ. ಅದನ್ನು ನಂಬಿ ಕೂರಲು ಆಧಾರ ಸಾಲದು. 190 ದಾಟಿದ ಎಲ್‌ಡಿಎಲ್‌ಗೆ ವೈದ್ಯರು ಪ್ರತ್ಯೇಕ ಗಮನ ಕೊಡುತ್ತಾರೆ.

ಅವರ ಮುಂದೆ ಮೂರು ದಾರಿಗಳಿವೆ. ಹೀಗೇ ಮುಂದುವರಿಯುವುದನ್ನು ನಾನು ಒಪ್ಪಲಾರೆ. ಮಾಂಸವನ್ನೇ ಇಟ್ಟುಕೊಂಡು ಒಳಗಿನದನ್ನು ಬದಲಿಸುವುದು ಎರಡನೆಯದು: ಬೆಣ್ಣೆ ಬಿಟ್ಟು ಎಣ್ಣೆ, ಕೊಬ್ಬಿನ ತುಂಡುಗಳ ಬದಲು ಮೀನು ಮತ್ತು ಚರ್ಮ ತೆಗೆದ ಕೋಳಿ, ಬದಿಗೆ ತರಕಾರಿ. ಮೂರನೆಯದು, ನನಗೆ ಸರಿಕಾಣುವುದು, ಕಾಳು, ಓಟ್ಸ್, ಹಣ್ಣುಗಳನ್ನು ವಾಪಸ್ ತಂದು ಕೆಂಪು ಮಾಂಸವನ್ನು ವಾರಕ್ಕೆ ಬೇಯಿಸಿದ ತೂಕದಲ್ಲಿ 350ರಿಂದ 500 ಗ್ರಾಮಿನೊಳಗೆ ನಿಲ್ಲಿಸುವುದು. ಯಾವುದನ್ನೇ ಆರಿಸಿದರೂ ಆರರಿಂದ ಎಂಟು ವಾರಕ್ಕೆ ಮತ್ತೆ ರಕ್ತ ನೋಡಿಸಲಿ. ಆಗಲೂ 190ರ ಮೇಲೇ ಇದ್ದರೆ ವಂಶಪಾರಂಪರ್ಯದ ಕೊಲೆಸ್ಟರಾಲ್ ತೊಂದರೆ ಇದೆಯೇ ಎಂದು ಕೇಳಬೇಕು.

ನಾರನ್ನು ಒಂದೇ ದಿನ 30 ಗ್ರಾಮಿಗೆ ಏರಿಸಬೇಡಿ. ನಾಲ್ಕು ತಿಂಗಳು ನಾರು ಕಾಣದ ಕರುಳಿಗೆ ಅದು ಹೊಟ್ಟೆಯುಬ್ಬರ ತರುತ್ತದೆ, “ನೋಡು, ತರಕಾರಿ ನನಗೆ ಆಗಲ್ಲ” ಎಂಬ ಮಾತು ಕೇಳಬೇಕಾಗುತ್ತದೆ. ವಾರಕ್ಕೆ ಐದು ಗ್ರಾಂ ಲೆಕ್ಕದಲ್ಲಿ ಏರಿಸಿ: ಸಿಪ್ಪೆ ಸಹಿತ ಒಂದು ಸೇಬಿನಲ್ಲಿ ನಾಲ್ಕು ಗ್ರಾಂ, ಅರ್ಧ ಬಟ್ಟಲು ಬೆಂದ ಕಾಳಿನಲ್ಲಿ ಏಳೆಂಟು. ನೀರನ್ನೂ ಹೆಚ್ಚಿಸಲಿ.

ಸಂಸ್ಕರಿಸಿದ ಮಾಂಸದ ಬಗ್ಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಬೇಕನ್, ಸಾಸೇಜ್, ಹ್ಯಾಮ್‌ಗಳನ್ನು ಸಿಗರೇಟಿನ ಜೊತೆ ಮೊದಲ ಗುಂಪಿಗೆ ಸೇರಿಸಿತು. ಸಾಕ್ಷ್ಯ ಎಷ್ಟು ಗಟ್ಟಿ ಎಂಬುದರ ವರ್ಗೀಕರಣ ಅದು, ಅಪಾಯ ಸಿಗರೇಟಿನಷ್ಟೇ ಎಂದಲ್ಲ. ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಸಂಭವ 18 ಪ್ರತಿಶತ ಹೆಚ್ಚು. ನೂರು ಜನರಲ್ಲಿ ಐವರಿಗೆ ಬರುವ ಕಡೆ ಅದು ಹತ್ತಿರಹತ್ತಿರ ಆರಾಗುತ್ತದೆ. ಭಯಪಡುವಷ್ಟಲ್ಲ, ದಿನಾ ತಿನ್ನುವಂಥದ್ದೂ ಅಲ್ಲ. ಇನ್ನು ವಿಟಮಿನ್ ಸಿಗೆಂದು ಅವರು ಲಿವರ್ ತಿನ್ನಲು ಹೊರಟರೆ, ನೂರು ಗ್ರಾಂ ದನದ ಲಿವರಿನಲ್ಲಿರುವ ವಿಟಮಿನ್ ಎ ದಿನದ ಗರಿಷ್ಠ ಮಿತಿಯಾದ 3,000 ಮೈಕ್ರೋಗ್ರಾಮನ್ನು ಆರಾಮಾಗಿ ದಾಟುತ್ತದೆ. ದಿನಾ ಬೇಡ. ಒಂದು ಕಿತ್ತಳೆ ತಿಂದರೆ ಆ ಕೆಲಸ ಮುಗಿಯುತ್ತದೆ.

ನೀವು ಪೂರ್ತಿ ಸಸ್ಯಾಹಾರದಲ್ಲೇ ಉಳಿಯಬಹುದು, ಉಳಿಯುವುದಾದರೆ ಲೆಕ್ಕ ಇಟ್ಟೇ ಉಳಿಯಬೇಕು. ಚಿಕಿತ್ಸೆ ಮುಗಿದ ಮೇಲೂ ಬಿ12 ಜೀವನಪರ್ಯಂತ. ದಿನದ ಅಗತ್ಯ 2.4 ಮೈಕ್ರೋಗ್ರಾಂ ಮಾತ್ರ, ಆದರೂ ಮಾತ್ರೆಗಳು ಸಾವಿರದ ಲೆಕ್ಕದಲ್ಲಿ ಇರುವುದು ಮೋಸವಲ್ಲ. ಬಿ12 ಹೀರುವ ವ್ಯವಸ್ಥೆ ಒಂದು ಹೊತ್ತಿಗೆ ಒಂದೂವರೆ–ಎರಡು ಮೈಕ್ರೋಗ್ರಾಮಿಗೇ ಭರ್ತಿಯಾಗುತ್ತದೆ, ಮಿಕ್ಕಿದ್ದರಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ತಾನಾಗಿ ಜಿನುಗಿ ಒಳಸೇರುತ್ತದೆ. 2,000ದ ಮಾತ್ರೆಯಿಂದ ಸಿಗುವುದು 20 ಚಿಲ್ಲರೆ, ಅದು ಒಂದು ವಾರಕ್ಕೆ ಸಾಕು. ವಾರಕ್ಕೊಂದು 2,000, ಇಲ್ಲವೇ ದಿನಾ 50, ಯಾವುದು ಮರೆಯುವುದಿಲ್ಲವೋ ಅದು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಅಥವಾ ದೀರ್ಘಕಾಲ ಆಮ್ಲ ತಗ್ಗಿಸುವ ಮಾತ್ರೆ ನಡೆಯುತ್ತಿದ್ದರೆ ಹೀರಿಕೆ ಇನ್ನೂ ಕುಗ್ಗುತ್ತದೆ, ವೈದ್ಯರಿಗೆ ಹೇಳಿ.

ಪ್ರೋಟೀನ್ ನಿಮ್ಮ ತೂಕಕ್ಕೆ ದಿನಕ್ಕೆ 44 ಗ್ರಾಂ ಕನಿಷ್ಠ. ಸಸ್ಯ ಪ್ರೋಟೀನ್ ಸ್ವಲ್ಪ ಕಡಿಮೆ ಜೀರ್ಣವಾಗುವುದರಿಂದ 55 ಇಟ್ಟುಕೊಳ್ಳಿ. ಹಸಿ ತೂಕದಲ್ಲಿ 60 ಗ್ರಾಂ ಬೇಳೆಯಿಂದ 14, 30 ಗ್ರಾಂ ಸೋಯಾ ಕಾಳಿನಿಂದ 11, 30 ಗ್ರಾಂ ಕಡಲೆಕಾಯಿ ಬೀಜದಿಂದ ಎಂಟು, ಕಾಲು ಕಿಲೋ ಧಾನ್ಯದಿಂದ ಇಪ್ಪತ್ತರ ಮೇಲೆ. ಕಷ್ಟವಿಲ್ಲ, ಆದರೆ ಬೇಳೆ ತೂಕ ಮಾಡಿ ನೋಡಿ. 60 ಗ್ರಾಂ ಎಂದುಕೊಂಡು 20 ಗ್ರಾಂ ಹಾಕುವವರೇ ಹೆಚ್ಚು.

ಕಬ್ಬಿಣಾಂಶಕ್ಕೆ ಮೂರು ಕೆಲಸ ಮಾಡಿ. ಕಾಳನ್ನು ಎಂಟರಿಂದ ಹನ್ನೆರಡು ಗಂಟೆ ನೆನೆಸಿ ಆ ನೀರು ಚೆಲ್ಲಿ, ಆಗಾಗ ಮೊಳಕೆ ಕಟ್ಟಿಸಿ. ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಒಂದಿಷ್ಟು ಇಳಿಯುತ್ತದೆ. ಊಟದ ಜೊತೆ ನಿಂಬೆ, ದಪ್ಪ ಮೆಣಸಿನಕಾಯಿ, ಕಿತ್ತಳೆ ಏನಾದರೊಂದು ವಿಟಮಿನ್ ಸಿ ಇರಲಿ, ಬೇಯಿಸಿ ಇಳಿಸಿದ ಮೇಲೆ ಹಿಂಡಿದರೆ ಒಳ್ಳೆಯದು. ಟೀ, ಕಾಫಿ ಊಟ ಮುಗಿದ ಒಂದು ಗಂಟೆಯ ಮೇಲೆ. ಊಟದ ಜೊತೆಯ ಒಂದು ಲೋಟ ಟೀ ಸಸ್ಯದ ಕಬ್ಬಿಣದ ಹೀರಿಕೆಯನ್ನು ಅರ್ಧಕ್ಕೂ ಕೆಳಗೆ ತರಬಲ್ಲದು. ಫೆರಿಟಿನ್ ಕಡಿಮೆ ಬಂದರೆ ಆಹಾರ ಸಾಲದು, ಮಾತ್ರೆ ಬೇಕು.

ಮೂಳೆಯನ್ನು ಪೂರ್ತಿ ಸಸ್ಯಾಹಾರಿಗಳು ಮರೆಯುತ್ತಾರೆ. ಬ್ರಿಟನ್ನಿನ ಎಪಿಕ್–ಆಕ್ಸ್‌ಫರ್ಡ್ ಅಧ್ಯಯನ ಸುಮಾರು 48,000 ಜನರನ್ನು 18 ವರ್ಷ ಹಿಂಬಾಲಿಸಿದಾಗ ಸಸ್ಯಾಹಾರಿಗಳಲ್ಲಿ ಹೃದ್ರೋಗ 22 ಪ್ರತಿಶತ ಕಡಿಮೆ, ಪಾರ್ಶ್ವವಾಯು 20 ಪ್ರತಿಶತ ಹೆಚ್ಚು ಕಂಡಿತು. ಅದೇ ಅಧ್ಯಯನದ 2020ರ ವರದಿಯಲ್ಲಿ ಹಾಲು, ಮೊಟ್ಟೆಯನ್ನೂ ಬಿಟ್ಟವರ ಮೂಳೆ ಮುರಿತ 43 ಪ್ರತಿಶತ ಹೆಚ್ಚಿತ್ತು. ದಿನಕ್ಕೆ 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ಪಾಲಕ್ ನಂಬಬೇಡಿ. ಅದರಲ್ಲಿ ಆಕ್ಸಲೇಟ್ ಇರುವುದರಿಂದ ಸುಮಾರು 5 ಪ್ರತಿಶತ ಮಾತ್ರ ದಕ್ಕುತ್ತದೆ. ಕ್ಯಾಲ್ಸಿಯಂ ಹಾಕಿ ಒಡೆದ ತೋಫು, ಕ್ಯಾಲ್ಸಿಯಂ ಬೆರೆಸಿದ ಸೋಯಾ ಹಾಲು ವಾಸಿ. ಆ ಹಾಲಿನ ಡಬ್ಬವನ್ನು ಚೆನ್ನಾಗಿ ಕುಲುಕಿಯೇ ಬಗ್ಗಿಸಿ, ಇಲ್ಲದಿದ್ದರೆ ಕ್ಯಾಲ್ಸಿಯಂ ತಳದಲ್ಲೇ ಉಳಿಯುತ್ತದೆ. ಅಯೋಡಿನ್ ಉಪ್ಪು ಬಳಸಿ. ಇದೆಲ್ಲ ಹೊರೆ ಎನಿಸಿದರೆ ಹಾಲು, ಮೊಟ್ಟೆಗೆ ಮರಳುವುದು ನಾಚಿಕೆಯ ವಿಷಯವಲ್ಲ, ಅರ್ಧ ಲೆಕ್ಕ ಅಲ್ಲೇ ಹಗುರಾಗುತ್ತದೆ.

ಮಗಳಿಗೆ ಇಬ್ಬರ ತಟ್ಟೆಯೂ ಬೇಡ. ಬೆಳೆಯುವ ವಯಸ್ಸು, ಹೊಟ್ಟೆ ಚಿಕ್ಕದು. ಬರೀ ಸೊಪ್ಪು ತರಕಾರಿ ತುಂಬಿದರೆ ಶಕ್ತಿ ಸಾಲದು, ಬರೀ ಮಾಂಸ ತುಂಬಿದರೆ ನಾರೂ ವಿಟಮಿನ್ ಸಿಯೂ ಇಲ್ಲ. ಧಾನ್ಯ, ಕಾಳು, ತರಕಾರಿ, ಹಣ್ಣು, ಜೊತೆಗೆ ಹಾಲು ಮತ್ತು ಮೊಟ್ಟೆ, ಇಷ್ಟಪಟ್ಟರೆ ಮೀನು ಅಥವಾ ಮಾಂಸ. ಈ ಎರಡೂವರೆ ವರ್ಷ ಅವಳೂ ನಿಮ್ಮ ಜೊತೆ ಹಾಲು ಮೊಟ್ಟೆ ಬಿಟ್ಟಿದ್ದರೆ ಅವಳ ಬಿ12, ಹಿಮೋಗ್ಲೋಬಿನ್, ವಿಟಮಿನ್ ಡಿಯನ್ನು ನಿಮ್ಮ ಪರೀಕ್ಷೆಯ ದಿನವೇ ಮಾಡಿಸಿ. ಕಳೆದ ಎರಡು ವರ್ಷದ ಅವಳ ಎತ್ತರ, ತೂಕ ಬರೆದಿಟ್ಟಿದ್ದರೆ ಆ ಚೀಟಿಯನ್ನೂ ಒಯ್ಯಿರಿ, ಮಕ್ಕಳ ವೈದ್ಯರು ಮೊದಲು ಕೇಳುವುದು ಅದನ್ನೇ.